ದೇವಲಾಪುರದಲ್ಲಿ ಸೊಲ್ಲು ಎತ್ತಿದವರು ಯಾರು

ಮಾಘ ಮಾಸದ ಒಂದು ಬೆಳಿಗ್ಗೆ ನಾನೂ ನಮ್ಮ ಪಕ್ಕದ ಮನೆಯ ರತ್ನಳೂ ಮೈಸೂರಿನ ಬಸ್ ನಿಲ್ದಾಣದಲ್ಲಿ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆವು. ಟಿಕೆಟ್ಟು ನಾಲ್ಕು ರೂಪಾಯಿ. ಕೂರಲು ಜಾಗ ಸಿಕ್ಕಿತು, ಆದರೆ ಕಿಟಕಿಯ ಗಾಜು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಮಧ್ಯದಲ್ಲೇ ನಿಂತುಬಿಟ್ಟಿತ್ತು. ದಾರಿಯುದ್ದಕ್ಕೂ ಎಡಗಿವಿಗೆ ಮಾತ್ರ ಚಳಿ. ಸಾರಿನ ಪುಡಿಯ ಡಬ್ಬಿ ಯಾವುದು, ಹುಳಿಪುಡಿಯ ಡಬ್ಬಿ ಯಾವುದು ಎಂದು ಮನೆಯವರಿಗೆ ಎರಡೆರಡು ಸಲ ತೋರಿಸಿ ಬಂದಿದ್ದೆ. ಆದರೂ ಅವರು ಅದಲುಬದಲು ಮಾಡುತ್ತಾರೆಂಬ ಅನುಮಾನ ಇದ್ದೇ ಇತ್ತು.

ನಾವು ಹೊರಟಿದ್ದು ರತ್ನಳ ಅಕ್ಕ ಜಯಮ್ಮನ ಮಗಳ ಮದುವೆಗೆ. ಹೆಣ್ಣಿನ ಮನೆ ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿ. ಗಂಡಿನ ಮನೆ ನಾಗಮಂಗಲ ತಾಲ್ಲೂಕಿನ ದೇವಲಾಪುರ. ಅವರ ಕಡೆಯ ವಾಡಿಕೆಯಂತೆ ಮದುವೆ ಗಂಡಿನ ಮನೆಯಲ್ಲಿ. ನನ್ನನ್ನು ಏಕೆ ಕರೆದಳೆಂದರೆ, ನಾನು ಕಾನ್ವೆಂಟಿನಲ್ಲಿ ಓದುವಾಗ ವೃಂದಗಾನದಲ್ಲಿ ಹಾಡುತ್ತಿದ್ದೆ ಎಂದು ಯಾವಾಗಲೋ ಅವಳಿಗೆ ಹೇಳಿದ್ದೆ. "ನಮ್ಮ ಕಡೆ ಹಾಡೋಕೆ ಬಾಯಿ ಸಾಲ್ತಿಲ್ಲ ಸುಮಿತ್ರಕ್ಕ, ನೀವು ಬನ್ನಿ. ಗುಂಪಲ್ಲಿ ಹಾಡಿ ಅಭ್ಯಾಸ ಇರೋರು" ಎಂದಳು. ಗುಂಪಿನಲ್ಲಿ ಹಾಡುವುದು ಎಲ್ಲಿಯೂ ಒಂದೇ ಎಂದು ನಾನೂ ನಂಬಿದ್ದೆ.

ನಮ್ಮ ಸಂಗೀತದ ಸಿಸ್ಟರ್ ಕಲಿಸಿದ ರೀತಿ ಹೀಗಿತ್ತು. ಎತ್ತರದ ಧ್ವನಿಯವರು ಬಲಗಡೆ, ತಗ್ಗಿನ ಧ್ವನಿಯವರು ಎಡಗಡೆ. ಎರಡೂ ಗುಂಪಿಗೆ ಬೇರೆ ಬೇರೆ ಸ್ವರಗಳು. ನಾನು ತಗ್ಗಿನವಳು. ಸಿಸ್ಟರ್ ಕೈ ಎತ್ತಿದಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಕು, ಕೈ ಮುಚ್ಚಿದಾಗ ಒಟ್ಟಿಗೆ ನಿಲ್ಲಿಸಬೇಕು. ಕೊನೆಯ ಅಕ್ಷರ ಒಣಕಡ್ಡಿ ಮುರಿದ ಹಾಗೆ ಒಂದೇ ಸಲ ಕೇಳಬೇಕು. ಯಾರದಾದರೂ ಧ್ವನಿ ಬಾಲದಂತೆ ಉಳಿದರೆ ಸಿಸ್ಟರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೈಯುತ್ತಿರಲಿಲ್ಲ. ನಮಗೆ ಅದೇ ಹೆದರಿಕೆ.

ಕಾವೇರಿಯ ಸೇತುವೆ ದಾಟುವವರೆಗೆ ರತ್ನ ನನ್ನ ಜೊತೆ ಮೈಸೂರಿನ ಮಾತನ್ನೇ ಆಡುತ್ತಿದ್ದಳು. ಶ್ರೀರಂಗಪಟ್ಟಣದಲ್ಲಿ ಇಳಿದು ಪಾಲಹಳ್ಳಿಯ ಬಸ್ಸು ಹತ್ತಿದ ಮೇಲೆ ಅವಳ ಮಾತೇ ಬದಲಾಯಿತು. "ಅಣ್ಣಾ, ಒಸಿ ಆ ಹುಣಸೇಮರದ ತಾವ್ ನಿಲ್ಸು, ಕಾಲುವೆವರ್ಗೂ ಹೊತ್ಕೊಂಡೋಗ್ಬುಡಬ್ಯಾಡ" ಎಂದು ಕಂಡಕ್ಟರನಿಗೆ ಹೇಳಿದ್ದು ಇವಳೇ ಏನು ಎಂದು ನಾನು ತಿರುಗಿ ನೋಡಿದೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಗದ್ದೆಯ ಬದುವಿನ ಮೇಲೆ ಯಾರೋ ಹಸಿರು ಬಕೆಟ್ಟು ಮರೆತು ಹೋಗಿದ್ದರು.

ಜಯಮ್ಮನ ಮನೆಯ ಜಗುಲಿಯಲ್ಲಿ ಏಳೆಂಟು ಹೆಂಗಸರು ಮದುವೆಯ ಅಕ್ಕಿ ಆರಿಸುತ್ತ ಸೋಬಾನೆ ಹೇಳುತ್ತಿದ್ದರು. ನಮಗೆ ಮಜ್ಜಿಗೆ ಕೊಟ್ಟು, ಒಂದೊಂದು ಮೊರವನ್ನೂ ಕೊಟ್ಟರು. ಒಬ್ಬರು ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಎತ್ತಿಕೊಂಡು ಹೇಳುವುದು. ಹಾಗೆ ಎತ್ತಿಕೊಳ್ಳುವುದಕ್ಕೆ ಸೊಲ್ಲು ಎತ್ತುವುದು ಎನ್ನುತ್ತಾರೆ. ಇದು ಸುಲಭ ಎಂದುಕೊಂಡೆ. ಜಯಮ್ಮ ಸಾಲು ಮುಗಿಸಿ ಉಸಿರು ತೆಗೆದುಕೊಂಡ ಮೇಲೆ ಶುರು ಮಾಡೋಣವೆಂದು ಕಾದೆ. ಆದರೆ ಜಯಮ್ಮನ ಕೊನೆಯ ಪದ ಇನ್ನೂ ಬಾಯಲ್ಲಿರುವಾಗಲೇ ಇವರು ಎತ್ತಿಕೊಂಡುಬಿಟ್ಟರು. ಇವರ ಕೊನೆಯ ಪದ ಮುಗಿಯುವ ಮುಂಚೆ ಜಯಮ್ಮ ಮುಂದಿನ ಸಾಲಿಗೆ ಹೋಗಿಯಾಗಿತ್ತು. ಮಧ್ಯದಲ್ಲಿ ಒಂದು ಕೂದಲು ಹೋಗುವಷ್ಟೂ ಜಾಗವಿಲ್ಲ. ನಾನು ಬಾಯಿ ತೆರೆಯುವುದು, ಮುಚ್ಚುವುದು, ಇಷ್ಟೇ ಆಯಿತು.

ಧ್ವನಿಗಳೂ ಅಷ್ಟೇ. ಒಬ್ಬರದು ಗಂಡಸಿನಷ್ಟು ದಪ್ಪ. ಒಬ್ಬರು ಎಲ್ಲರಿಗಿಂತ ಅರ್ಧ ಹೆಜ್ಜೆ ಹಿಂದೆ. ಮೂಲೆಯಲ್ಲಿ ಕುಳಿತಿದ್ದ ಮುದುಕಿ ಎಲ್ಲರೂ ಏರುವ ಕಡೆ ಇಳಿಯುತ್ತಿದ್ದರು. ಅದು ತಪ್ಪೋ, ಅವರ ಪಾಲಿನ ಸ್ವರವೇ ಅದೋ, ನನಗೆ ತಿಳಿಯಲಿಲ್ಲ. ಒಟ್ಟಿಗೆ ಕೇಳಿದರೆ ಮಾತ್ರ ಚೆನ್ನಾಗಿತ್ತು. ಕೊನೆಗೆ ಕೇಳಿಯೇಬಿಟ್ಟೆ: "ನಾನು ಯಾವ ಧ್ವನೀಲಿ ಹಾಡಲಿ? ಮೊದಲನೇದೋ, ಎರಡನೇದೋ?"

ಆ ಮುದುಕಿ ಮೊರ ಕೆಳಗಿಟ್ಟು ನನ್ನನ್ನು ನೋಡಿದರು. "ನಿಂಗೆ ಎಷ್ಟವ್ವ ಅವೆ?"

ಎಲ್ಲರೂ ಅಕ್ಕಿ ಚೆಲ್ಲುವಷ್ಟು ನಕ್ಕರು. ನಾನೂ ನಕ್ಕೆ, ಏಕೆಂದು ಪೂರ್ತಿ ಗೊತ್ತಾಗದೆ.

ನಗು ಇಳಿದ ಮೇಲೆ, "ಬೀಗರನ್ನ ಹಂಗಿಸೋ ಹಾಡೂ ಇರುತ್ತಂತಲ್ಲ, ಅದನ್ನೂ ಹೇಳಿ" ಎಂದೆ. ಎಲ್ಲರೂ ಮೊರದ ಮೇಲೆ ಬಗ್ಗಿದರು. ರತ್ನ ಎದ್ದು ನೀರು ಕುಡಿಯಲು ಒಳಗೆ ಹೋದಳು. ಏನೋ ತಪ್ಪು ಮಾತಾಡಿದೆನೆಂದು ನನಗೆ ಮುಜುಗರವಾಯಿತು.

"ಅದ್ನ ಯೋಳೋರು ಒಬ್ರೇಯ" ಎಂದರು ಜಯಮ್ಮ. "ನಮ್ಮಪ್ಪನ ತಂಗಿ, ನಿಂಗತ್ತೆ. ಹೊಸಹೊಳಲಿಗೆ ಕೊಟ್ಟಿರೋದು. ನೀವು ಈಗ ಅವ್ರನ್ನೇ ಕರ್ಕೊಂಬರಾಕೆ ಓಗ್ತಾ ಇರೋದು. ಬತ್ತಾರೋ ಇಲ್ವೋ, ಬಂದ್ರೂ ಯೋಳ್ತಾರೋ ಇಲ್ವೋ."

ಆಮೇಲೆ ಅವರು ಅಕ್ಕಿಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ ಸಂಗತಿ ಇದು. ಈಗಿನ ಮದುಮಗನ ತಾಯಿ ಸಾವಿತ್ರಮ್ಮ ಹೊರಗಿನವರಲ್ಲ. ಈ ನಿಂಗತ್ತೆ, ಅಂದರೆ ನಿಂಗಮ್ಮನವರ ಸ್ವಂತ ತಂಗಿಯ ಮಗಳು. ಇಪ್ಪತ್ತು ವರ್ಷಕ್ಕೂ ಹಿಂದೆ ಆಕೆಯನ್ನು ದೇವಲಾಪುರದ ಬೋರೇಗೌಡರ ಮಗನಿಗೆ ಕೊಟ್ಟರು. ಆ ಮದುವೆಯ ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯವರಾಗಿ ನಿಂತು ಇವರೆಲ್ಲ ಬೀಗರ ಪದ ಹೇಳಿದರು. ಮುಂದೆ ಹೇಳುವವರು ನಿಂಗಮ್ಮ, ಹಿಂದೆ ಇವರು. ಬೋರೇಗೌಡರೂ ನಗುನಗುತ್ತ ಉಣ್ಣುತ್ತಿದ್ದರು. ಆಗ ನಿಂಗಮ್ಮ, ಬೀಗರ ಮನೆ ಬೆಕ್ಕು ತುಪ್ಪ ಕಂಡು ಬೆಚ್ಚಿತು, ಎಂಬ ಸಾಲು ಹಾಕಿದರು. ತುಪ್ಪವನ್ನೇ ಕಾಣದ ಮನೆ ಎಂದು ಯಾವ ಬೀಗರಿಗಾದರೂ ಹಾಕುವಂಥ ಸಾಲು. ಆದರೆ ಬೋರೇಗೌಡರ ಮನೆಯಲ್ಲಿ ಆ ವರ್ಷ ರೋಗ ಬಂದು ದನಗಳೆಲ್ಲ ಸತ್ತಿದ್ದವು. ಮದುವೆಯ ತುಪ್ಪವನ್ನು ಊರಿನ ಮನೆಮನೆಯಿಂದ ಬಟ್ಟಲು ಬಟ್ಟಲು ತಂದಿದ್ದರು. ಇದು ನಿಂಗಮ್ಮನವರಿಗೆ ಗೊತ್ತಿರಲಿಲ್ಲ. ಬೋರೇಗೌಡರ ಕೈ ಎಲೆಯ ಮೇಲೆ ನಿಂತುಹೋಯಿತು. ಅದನ್ನು ನೋಡಿ ಇವರ ಬಾಯಿಯೂ ನಿಂತಿತು. ಆ ಸಾಲನ್ನು ಯಾರೂ ಎತ್ತಿಕೊಳ್ಳಲಿಲ್ಲ.

"ನಾವು ಎತ್ಕೊಂಡಿದ್ರೆ ಅದು ಪದ ಆಗೋದು ಕಣವ್ವ" ಎಂದರು ಜಯಮ್ಮ. "ಎಲ್ರೂ ಅಂದಂಗೆ, ಯಾರೂ ಅನ್ನದಂಗೆ. ನಾವು ಸುಮ್ಗಾಗಿದ್ದಕ್ಕೆ ಅತ್ತೆ ಒಬ್ರೇ ಎದ್ದು ನಿಂತು ಬಯ್ದಂಗಾಯ್ತು."

ಬೋರೇಗೌಡರು ಎಲೆ ಬಿಟ್ಟು ಎದ್ದರು. ಅವರ ಜೊತೆ ಪಂಕ್ತಿಯೇ ಎದ್ದಿತು. ಅಂದಿನಿಂದ ಎರಡು ಮನೆಯವರೂ ಹೋಗಿ ಬರುವುದಿಲ್ಲ. ಸಾವಿತ್ರಮ್ಮ ಸೋದರಮಾವನ, ಅಂದರೆ ಜಯಮ್ಮನ ತಂದೆಯ, ಮನೆಯನ್ನೂ ಕಂಡಿಲ್ಲ, ಈ ದೊಡ್ಡಮ್ಮನನ್ನೂ ಕಂಡಿಲ್ಲ. ಈಗ ಹುಡುಗನೇ ಹಟ ಹಿಡಿದು ಈ ಸಂಬಂಧ ಕೂಡಿಸಿದ್ದಾನೆ. ಬೋರೇಗೌಡರು ಹೂಂ ಎಂದಿದ್ದಾರಂತೆ. ಮನಸ್ಸಿನಿಂದಲೋ, ಮೊಮ್ಮಗನ ಕಾಟಕ್ಕೋ, ಯಾರಿಗೂ ಗೊತ್ತಿಲ್ಲ. ನಿಂಗಮ್ಮ ಬಾರದಿದ್ದರೆ ಮನಸ್ತಾಪ ಇನ್ನೂ ಇದೆ ಎಂದಾಗುತ್ತದೆ. ಬಂದು ಮತ್ತೊಂದು ಎಡವಟ್ಟಾದರೆ ಹುಡುಗಿಯ ಬಾಳು.

"ಹಾಗಾದರೆ ಸಾವಿತ್ರಮ್ಮ ನಿಮ್ಮ ಕಡೆಯವರೋ, ಅವರ ಕಡೆಯವರೋ?" ಎಂದೆ.

"ಆವತ್ತು ನಮ್ಮೋಳು. ಇವತ್ತು ಅವ್ರೋಳು."

ಮಧ್ಯಾಹ್ನದ ಮುದ್ದೆ, ಅವರೆಕಾಳಿನ ಸಾರು ಉಂಡು ಹೊರಟೆವು. ಶ್ರೀರಂಗಪಟ್ಟಣಕ್ಕೆ ಮರಳಿ, ಅಲ್ಲಿಂದ ಪಾಂಡವಪುರಕ್ಕೆ ಮೂರು ರೂಪಾಯಿ ಕೊಟ್ಟೆವು. ಕಬ್ಬು ಅರೆಯುವ ಕಾಲ. ಊರು ಇನ್ನೂ ದೂರವಿರುವಾಗಲೇ ಬಸ್ಸಿನೊಳಗೆ ಹುಳಿಸಿಹಿ ವಾಸನೆ ತುಂಬಿತು. ಕಬ್ಬಿನ ಲಾರಿಗಳ ಸಾಲಿನ ಹಿಂದೆ ನಮ್ಮ ಬಸ್ಸು ತುಂಬಾ ಹೊತ್ತು ನಿಂತಿತ್ತು. ಗಂಡಸರು ಇಳಿದು ಲಾರಿಯಿಂದ ಒಂದೊಂದು ಕಬ್ಬು ಎಳೆದುಕೊಂಡು ಬಂದರು. ನಮ್ಮ ಮುಂದಿನ ಸೀಟಿನಾತ ನನಗೂ ಒಂದು ತುಂಡು ಮುರಿದು ಕೊಟ್ಟ. ಕದ್ದದ್ದು ತಿನ್ನಬಹುದೋ ಬಾರದೋ ಎಂದು ನಾನು ಯೋಚಿಸುತ್ತಿದ್ದಾಗ ರತ್ನ ತನ್ನದನ್ನು ಅರ್ಧ ಅಗಿದು ಮುಗಿಸಿದ್ದಳು.

ಪಾಂಡವಪುರದ ನಿಲ್ದಾಣದಲ್ಲಿ ಬೋರ್ಡಿನಲ್ಲಿ ಕೆ.ಆರ್. ಎಂಬಷ್ಟನ್ನೇ ಓದಿ ಒಂದು ಬಸ್ಸಿಗೆ ಅವಸರದಲ್ಲಿ ಹತ್ತಿಬಿಟ್ಟೆ. ರತ್ನ ನನ್ನ ಸೆರಗು ಹಿಡಿದು ಇಳಿಸಿದಳು. ಅದು ಕೆ.ಆರ್.ಎಸ್., ಕನ್ನಂಬಾಡಿ ಕಟ್ಟೆಗೆ ಹೋಗುವುದು; ನಾವು ಹೋಗಬೇಕಾದದ್ದು ಕೆ.ಆರ್. ಪೇಟೆಗೆ. ಕೆ.ಆರ್. ನಗರ ಬೇರೆ, ಕೆ.ಆರ್. ಪೇಟೆ ಬೇರೆ. ಒಬ್ಬರೇ ಮಹಾರಾಜರ ಹೆಸರಲ್ಲಿ ಒಂದೇ ಸೀಮೆಯಲ್ಲಿ ಇಷ್ಟು ಊರುಗಳೇಕೆ ಎಂದು ಕೇಳಿದರೆ ಕಂಡಕ್ಟರ್, "ಊರಿಟ್ಟೋರ್ನ ಕೇಳ್ಬೇಕು ತಾಯಿ, ನಾನು ಟಿಕೆಟ್ ಕೊಡೋನು" ಎಂದ.

ನಮ್ಮ ಬಸ್ಸು ಬರುವವರೆಗೆ ಕಾಫಿ ಕುಡಿದೆವು. ಅಲ್ಲಿ ರತ್ನ ತಾನಾಗಿ ಮಾತು ತೆಗೆದಳು. ಅಂದು ಅವಳಿಗೆ ಹದಿಮೂರೋ ಹದಿನಾಲ್ಕೋ. ಹಿಂದಿನ ಸಾಲಿನಲ್ಲಿ ಅಕ್ಕನ ಬೆನ್ನಿಗೆ ಅಂಟಿಕೊಂಡು ನಿಂತಿದ್ದಳು. "ನಾನು ಎತ್ಕೊಳ್ಳೋಕೆ ಬಾಯಿ ತೆಗೆದಿದ್ದೆ ಸುಮಿತ್ರಕ್ಕ. ಅಕ್ಕನ ಬೆನ್ನು ಬಿಗಿಯಾಯ್ತು. ನಾನೂ ಮುಚ್ಕೊಂಡೆ."

"ನೀನೊಬ್ಬಳೇ ಎತ್ತಿಕೊಂಡಿದ್ದರೆ ಸಾಕಾಗ್ತಿತ್ತಾ?"

"ಒಬ್ರು ಎತ್ತಿದ್ರೆ ಇನ್ನೊಬ್ರು ಬರ್ತಾರೆ. ಯಾರಾದ್ರೂ ಮೊದಲು ಎತ್ತಬೇಕಲ್ಲ." ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಅವಳು ಬೆರಳಿನಿಂದ ತೆಗೆದು ತಿಂದಳು.

ಕೆ.ಆರ್. ಪೇಟೆಗೆ ಬಂದು, ಅಲ್ಲಿಂದ ಹತ್ತಿರದಲ್ಲೇ ಇರುವ ಹೊಸಹೊಳಲಿಗೆ ಆಟೋದಲ್ಲಿ ಹೋದಾಗ ಬಿಸಿಲು ಹಳದಿಯಾಗುತ್ತಿತ್ತು. ನಿಂಗಮ್ಮನವರ ಮನೆಗೆ ಬೀಗ ಹಾಕಿತ್ತು. ಹೊಲದಿಂದ ಬರುವ ಹೊತ್ತಾಯಿತು ಎಂದರು. ಕಾಯುತ್ತ ನಾವು ಲಕ್ಷ್ಮೀನಾರಾಯಣನ ಗುಡಿಗೆ ಹೋದೆವು. ಹೊರಗೋಡೆಯ ಮೇಲೆ ಮದ್ದಲೆ ಬಾರಿಸುವವರು, ತಾಳ ಹಿಡಿದವರು, ಕುಣಿಯುವವರು ಒಬ್ಬರ ಮೇಲೊಬ್ಬರು ಇಕ್ಕಟ್ಟಾಗಿ ನಿಂತಿದ್ದಾರೆ. ನಾನು ಹಾಡುವವರನ್ನು ಹುಡುಕಿದೆ. ಎಲ್ಲರ ಬಾಯಿಯೂ ಮುಚ್ಚಿದಂತೆಯೂ ಇತ್ತು, ಸವೆದು ತೆರೆದಂತೆಯೂ ಇತ್ತು. ಎಷ್ಟು ನೋಡಿದರೂ ನಿರ್ಧಾರವಾಗಲಿಲ್ಲ. ಅರ್ಚಕರು ಬಾಗಿಲು ಹಾಕುವ ಹೊತ್ತಾಯಿತೆಂದು ಕೆಮ್ಮಿದರು.

ನಿಂಗಮ್ಮನವರು ಗಿಡ್ಡಗೆ, ಗಟ್ಟಿಮುಟ್ಟಾಗಿದ್ದರು. ಮೂಗಿನ ಎರಡು ಕಡೆಯೂ ಮೂಗುಬೊಟ್ಟು. ರತ್ನಳ ಕೆನ್ನೆ ಹಿಂಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ಯಾರು, ಸೀರೆಗೆ ಪಿನ್ನು ಚುಚ್ಕೊಂಡವ್ಳೆ, ಎಲ್ಲೋ ಓಡೋಗೋದೈತೇನೋ" ಎಂದರು. ಪಿನ್ನು ತೆಗೆಯಲೋ ಬೇಡವೋ ತಿಳಿಯದೆ ನಿಂತೆ. ಅಷ್ಟರಲ್ಲಿ ಕೈಗೆ ಕಡಲೆಕಾಯಿಯ ತಟ್ಟೆ ಬಂತು.

ಮದುವೆಯ ಮಾತು ತೆಗೆದಾಗ ಅವರು, "ಬತ್ತೀನಿ. ನನ್ ಮೊಮ್ಮಗಳ ಧಾರೆ, ಬರದೆ ಇರಕ್ಕಾಯ್ತದಾ. ಸೋಬಾನೆ ಯೋಳ್ತೀನಿ, ಆರತಿ ಯೋಳ್ತೀನಿ. ಬೀಗರ ಪದ ಮಾತ್ರ ಕೇಳ್ಬ್ಯಾಡಿ" ಎಂದರು.

"ಯಾರೂ ಕೇಳಲ್ಲ ಅತ್ತೆ" ಎಂದಳು ರತ್ನ.

"ಕೇಳಿದ್ರೂ ಯೋಳಾಕಿಲ್ಲ. ಆವತ್ತಿಂದ ಯೋಳಿಲ್ಲ. ಯಾರ ಮದುವೇಲೂ ಯೋಳಿಲ್ಲ." ಸ್ವಲ್ಪ ಹೊತ್ತು ಕಡಲೆಕಾಯಿ ಸುಲಿದರು. "ಆ ಸಾಲು ಇನ್ನೂ ನನ್ ಮ್ಯಾಲೆ ಅಂಗೇ ಅದೆ. ಯಾರೂ ಇಳಿಸ್ಕೊಳ್ಳಲಿಲ್ಲ. ನೀವಾದ್ರೂ ಒಂದೀಟು ಬಾಯಿ ಬುಟ್ಟಿದ್ರೆ ಆಗ್ತಿತ್ತು."

ರತ್ನ ನೆಲದ ಮೇಲಿನ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದಳು. ಹೊಸ್ತಿಲ ಮೇಲೆ ಕುಳಿತಿದ್ದ ನಿಂಗಮ್ಮನವರ ಯಜಮಾನರು ನನ್ನ ಕಡೆ ತಿರುಗಿ, "ಕರ್ಕೊಂಡೋಗ್ರವ್ವ, ಅಲ್ಲೇ ಯೋಳ್ಸಿ. ಅಲ್ಲಿ ಬುಟ್ಟಿದ್ನೆಲ್ಲ ಇಪ್ಪತ್ತು ವರ್ಸದಿಂದ ನಂಗೊಬ್ಬನಿಗೇ ಯೋಳ್ತಾವ್ಳೆ" ಎಂದರು. ನಿಂಗಮ್ಮ ಕಡಲೆಕಾಯಿಯ ಸಿಪ್ಪೆಯನ್ನು ಅವರ ಕಡೆ ಎಸೆದರು. ಇದು ಜಗಳವೋ ಸರಸವೋ ಎಂದು ನಾನು ರತ್ನಳ ಮುಖ ನೋಡಿದೆ. ಅವಳು ನಗುತ್ತಿದ್ದಳು, ಆದ್ದರಿಂದ ಸರಸ ಎಂದುಕೊಂಡೆ.

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ನಾಗಮಂಗಲಕ್ಕೆ ಹೊರಟೆವು. ಟಿಕೆಟ್ಟು ಒಂಬತ್ತು ರೂಪಾಯಿ. ಕಾಲುವೆಯ ನೀರು, ಕಬ್ಬು ಎಲ್ಲ ಹಿಂದೆ ಉಳಿದು, ಕೆಂಪು ನೆಲ, ರಾಗಿ ಮೆದೆ, ತೆಂಗು, ಬೋರೆಗಳೆಂಬ ಬೋಳು ದಿಣ್ಣೆಗಳು ಬಂದವು. ನಿಂಗಮ್ಮನವರು ಕಿಟಕಿಯ ಪಕ್ಕ ಕುಳಿತು ದಾರಿಯಲ್ಲಿ ನನಗೆ ಒಂದು ಸೋಬಾನೆ ಕಲಿಸಲು ನೋಡಿದರು. ನಾನು ಪ್ರತಿ ಸಲವೂ ಅವರು ನಿಲ್ಲಿಸುವುದನ್ನೇ ಕಾಯುತ್ತಿದ್ದೆ.

"ಯಾಕವ್ವ ಕಾಯ್ತೀಯ? ನಾನು ನಿಲ್ಸಿದ್ ಮ್ಯಾಲೆ ನೀನು ಎತ್ಕೊಂಡ್ರೆ ನಡುವೆ ತಣ್ಣಗಾಯ್ತದೆ. ಮುದ್ದೆ ತೊಳಸ್ವಾಗ ಕೈ ನಿಲ್ಲಿಸ್ತಾರಾ?"

"ನಿಮ್ಮ ಕೊನೆಯ ಪದ ಕೇಳಿಸೋದೇ ಇಲ್ಲವಲ್ಲ, ನಾನು ಮಧ್ಯೆ ಬಂದುಬಿಟ್ಟರೆ?"

"ಕೇಳ್ಸೋದ್ಯಾಕೆ? ನೀನೇ ಅದ್ನ ಯೋಳ್ತೀಯಲ್ಲ."

ಇದನ್ನು ನಾಗಮಂಗಲದ ತನಕ ಯೋಚಿಸಿದೆ. ಮಾತು ಸರಿಯಾಗಿಯೇ ಇತ್ತು, ಆದರೆ ನನ್ನ ಬಾಯಿ ಒಪ್ಪಲಿಲ್ಲ. ಅಲ್ಲಿಂದ ದೇವಲಾಪುರಕ್ಕೆ ಒಂದು ಟೆಂಪೋದಲ್ಲಿ, ಎರಡು ಮೂಟೆ ಹುರುಳಿಯ ಮೇಲೆ ಕುಳಿತು ಹೋದೆವು.

ಹೆಣ್ಣಿನ ಕಡೆಯವರಿಗೆ ಶಾಲೆಯಲ್ಲಿ ಇಳಿದುಕೊಳ್ಳುವ ಏರ್ಪಾಟಾಗಿತ್ತು. ಪಾಲಹಳ್ಳಿಯ ಜನ ಆಗಲೇ ಲಾರಿಯಲ್ಲಿ ಬಂದಿದ್ದರು. ನಾವು ಕೈಕಾಲು ತೊಳೆಯುತ್ತಿರುವಾಗ ಗಂಡಿನ ತಾಯಿ ಸಾವಿತ್ರಮ್ಮ ಬಂದರು. ನಿಂಗಮ್ಮನವರನ್ನು ಕಂಡು ಬಾಗಿಲಲ್ಲೇ ನಿಂತರು. ಇಬ್ಬರ ಮೂಗೂ ಒಂದೇ ತರಹ. ಆಮೇಲೆ ಬಂದು ಕಾಲು ಮುಟ್ಟಿದರು.

"ಕೂದ್ಲು ಬೆಳ್ಳಗಾಗ್ಬುಟ್ಟದಲ್ಲೆ, ಮುಂಡೇದೇ" ಎಂದರು ನಿಂಗಮ್ಮ.

"ನಿಂದೇನು ಕಪ್ಪಗದಾ ದೊಡ್ಡವ್ವ?" ಎಂದು ಸಾವಿತ್ರಮ್ಮ ಕಣ್ಣೊರೆಸಿಕೊಂಡರು. "ನಮ್ ಕಡೆ ಪದ ಯೋಳೋರು ಯಾರೂ ಗಟ್ಟಿಗಿಲ್ಲ. ನಮ್ಮ ಕಡೆಗೂ ನೀನೇ ಯೋಳ್ಬೇಕು."

"ಎಲ್ಡು ಕಡೆಗೂ ನಾನೇ ನಿಂತು, ನಾನೇ ಬಯ್ದು ನಾನೇ ಬಯ್ಸಿಕೊಳ್ಳನಾ?"

ಆ ಸಂಜೆ ಚಪ್ಪರದ ಶಾಸ್ತ್ರದಲ್ಲಿ ಅವರು ಸೋಬಾನೆ ಹೇಳಿದರು. ಅಂಥ ಧ್ವನಿಯನ್ನು ನಾನು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ಎರಡು ಕಡೆಯ ಹೆಂಗಸರೂ ಸೊಲ್ಲು ಎತ್ತಿದರು. ವೀಡಿಯೋದವನು ದೊಡ್ಡ ದೀಪ ಹಿಡಿದಾಗಲೆಲ್ಲ ಎಲ್ಲರೂ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಹಾಡು ಮಾತ್ರ ನಿಲ್ಲುತ್ತಿರಲಿಲ್ಲ. ಬೋರೇಗೌಡರು ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಉದ್ದನೆಯ, ಬಿಳಿ ಮೀಸೆಯ ಮುದುಕರು. ನಮ್ಮ ಕಡೆ ಒಂದು ಸಲವೂ ನೋಡಲಿಲ್ಲ. ಕೇಳುತ್ತಿದ್ದರೋ ಇಲ್ಲವೋ, ಅವರ ಬೆನ್ನು ನೋಡಿ ಹೇಳುವುದು ಹೇಗೆ?

ಮೂರನೆಯ ದಿನ ಬೆಳಿಗ್ಗೆ ಧಾರೆಯಾಯಿತು. ಹುಡುಗಿ ಅತ್ತಳು, ಜಯಮ್ಮ ಅತ್ತರು, ನಾನೂ ಅತ್ತೆ. ಬಿಸಿಲು ಏರುವ ಹೊತ್ತಿಗೆ ಬೀಗರ ಪಂಕ್ತಿ ಕೂತಿತು. ಚಪ್ಪರದ ಕೆಳಗೆ ಚಾಪೆ, ಬಾಳೆ ಎಲೆ. ಒಬ್ಬಟ್ಟು, ಕೋಸಂಬರಿ, ಹುಳಿ, ಪಾಯಸ. ಬೋರೇಗೌಡರು ಸಾಲಿನ ನಡುವೆ ಕುಳಿತರು. ನಾವು ಹೆಂಗಸರು ಎದುರಿನಲ್ಲಿ ಎರಡು ಸಾಲಾಗಿ ನಿಂತೆವು. ಮುಂದೆ ನಿಂಗಮ್ಮ. ನನ್ನ ಎಡಕ್ಕೆ ರತ್ನ, ಹಿಂದೆ ಜಯಮ್ಮ. ಸಾವಿತ್ರಮ್ಮ ತುಪ್ಪದ ಗಿಂಡಿ ಹಿಡಿದು ಬಡಿಸಲು ನಮ್ಮ ಬಲಗಡೆಗೆ ಬಂದು ನಿಂತಿದ್ದರು. ಈಗ ಆ ಮನೆಯಲ್ಲಿ ಐದು ಸೀಮೆಹಸುಗಳಿವೆ. ಕರೆದ ಹಾಲು ಡೈರಿಗೆ ಹಾಕಿ ಉಳಿಯುತ್ತದೆ.

ನಿಂಗಮ್ಮ ದೇವರ ಮೇಲಿನ ಒಂದು ಪದ ಹೇಳಿದರು. ಮತ್ತೊಂದು ದೇವರ ಪದ ಹೇಳಿದರು. ಪಂಕ್ತಿಯಲ್ಲಿ ಗಂಡಸರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮೂರನೆಯದೂ ದೇವರದ್ದೇ ಆದಾಗ ಗಂಡಿನ ಕಡೆಯ ಯಾರೋ, "ಏನ್ಲಾ ಇದು, ತಿಥಿಗೆ ಬಂದವ್ರೇನ್ಲಾ ಇವ್ರು?" ಎಂದರು. ಪಕ್ಕದವರು, "ಅವ್ರಿಗೆ ನಾವು ಬೀಗ್ರು ಅಂತ ಅನ್ನಿಸ್ತಾ ಇಲ್ಲ ಕಣ್ಲಾ" ಎಂದರು. ಇದನ್ನು ಕೇಳಿ ನನಗೆ ದಿಗಿಲಾಯಿತು. ಹಂಗಿಸಿದರೆ ಜಗಳ, ಹಂಗಿಸದಿದ್ದರೂ ಅವಮಾನ. ಹಾಗಾದರೆ ಏನು ಮಾಡಬೇಕು?

ಆಗ ಬೋರೇಗೌಡರು ಮೊದಲ ಸಲ ತಲೆ ಎತ್ತಿದರು. "ಯಾಕವ್ವ ನಿಂಗಮ್ಮ, ನಮ್ ಮನೆ ಈಗ ಬಯ್ಯಾಕೂ ಬ್ಯಾಡವಾಯ್ತಾ?"

ನಿಂಗಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ಒಂದು ಸಾಲು ಹಾಕಿದರು: ನಮ್ಮ ಬೀಗರ ಮೀಸೆ ಪಾಯಸದಲ್ಲಿ ಈಜಿತು, ಸೋಬಾನವೆ. ಹೆಂಗಸರು ಎತ್ತಿಕೊಂಡರು, ಮೊದಲು ಮೆಲ್ಲಗೆ. ಪಂಕ್ತಿಯಲ್ಲಿ ಒಬ್ಬರು ನಕ್ಕರು. ಬೀಗಿತಿ ನಡೆದರೆ ಬೀದಿಗೆ ಜಾಗವಿಲ್ಲ ಎಂದರು. ಸಾವಿತ್ರಮ್ಮ ಗಿಂಡಿ ಹಿಡಿದೇ ಸೊಂಟ ತಿರುಗಿಸಿ ತೋರಿಸಿದರು. ಎಲ್ಲರೂ ನಕ್ಕರು. ಬೋರೇಗೌಡರ ಮೀಸೆಯೂ ಅಲ್ಲಾಡಿತು. ಇಷ್ಟಕ್ಕೇ ನಿಲ್ಲಿಸಿದರೆ ಸಾಕು ದೇವರೇ ಎಂದು ನಾನು ಬೇಡಿಕೊಂಡೆ. ನಿಂಗಮ್ಮ ಒಂದು ಹೆಜ್ಜೆ ಮುಂದಿಟ್ಟರು.

"ಬೀಗರ ಮನೆ ಬೆಕ್ಕು ತುಪ್ಪ ಕಂಡು..."

ಇಷ್ಟು ದಿನ ನನ್ನನ್ನು ಗೊಂದಲಕ್ಕೆ ಕೆಡವಿದ್ದು ಹೇಳುವವರಿಗೂ ಎತ್ತುವವರಿಗೂ ನಡುವೆ ಜಾಗವಿಲ್ಲದಿರುವುದು. ಈಗ ಜಾಗ ಕಾಣಿಸಿತು. ಬೆಚ್ಚಿತು ಎಂಬ ಪದ ಮುಗಿದು, ಸೋಬಾನವೆ ಎಂಬುದೂ ಮುಗಿಯುತ್ತಾ ಬಂತು. ರತ್ನಳ ತೋಳು ನನ್ನ ತೋಳಿಗೆ ತಾಗಿತ್ತು. ಬೋರೇಗೌಡರ ಕೈ ಎಲೆಯ ಮೇಲೆ ನಿಂತಿತ್ತು. ನಿಂಗಮ್ಮನವರ ಧ್ವನಿ ಸಣ್ಣಗಾಗುತ್ತ ಎಳೆಯುತ್ತಲೇ ಇತ್ತು, ಉಸಿರು ಇನ್ನು ಸಾಲದು ಎನ್ನುವವರೆಗೆ.

ಆಗ ಸೊಲ್ಲು ಎದ್ದಿತು.

ಎಲ್ಲಿಂದ ಎದ್ದಿತೆಂದು ಕೇಳಬೇಡಿ. ಮೊದಲು ಒಂದೇ ಧ್ವನಿ, ಅದಂತೂ ನಿಶ್ಚಯ. ಎಡಗಡೆಯಿಂದ ಬಂದಂತಿತ್ತು, ಬಲಗಡೆಯಿಂದಲೂ ಬಂದಂತಿತ್ತು. ಅದು ಬೆಕ್ಕು ಎನ್ನುವಷ್ಟರಲ್ಲಿ ಇನ್ನೊಂದು, ತುಪ್ಪ ಎನ್ನುವಷ್ಟರಲ್ಲಿ ಜಯಮ್ಮನ ದಪ್ಪ ಧ್ವನಿ ನನ್ನ ಬೆನ್ನ ಹಿಂದೆ, ಆಮೇಲೆ ಎರಡು ಕಡೆಯ ಹೆಂಗಸರೆಲ್ಲ. ನನ್ನ ಬಾಯಿಯೂ ಹಾಡುತ್ತಿತ್ತು. ಯಾವಾಗ ಶುರುಮಾಡಿತೋ ನನಗೆ ತಿಳಿಯದು. ನಿಂಗಮ್ಮ ಮುಂದಿನ ಸಾಲು ಹಾಕಲಿಲ್ಲ. ನಾವೇ ಅದನ್ನು ಮತ್ತೊಮ್ಮೆ ಹೇಳಿದೆವು.

ಬೋರೇಗೌಡರು ಎಲೆಯನ್ನು ನೋಡಿದರು. ಗಿಂಡಿ ಹಿಡಿದು ನಿಂತಿದ್ದ ಸೊಸೆಯನ್ನು ನೋಡಿದರು. "ಆ ಬೆಕ್ಕು ಸತ್ತು ಬಾಳಾ ದಿನ ಆಯ್ತು ಕಣವ್ವ" ಎಂದರು. "ಬುಡು ತುಪ್ಪಾವ. ಕೈ ಇಡ್ಕೊಬ್ಯಾಡ."

ಸಾವಿತ್ರಮ್ಮ ಒಬ್ಬಟ್ಟು ಮುಳುಗುವಷ್ಟು ಬಿಟ್ಟರು. ಮುದುಕರು ಸಾಕು ಎನ್ನಲಿಲ್ಲ. ಪಂಕ್ತಿಯ ಕೊನೆಯವನು ಏಳುವವರೆಗೂ ಕುಳಿತು ಉಂಡರು.

ಊಟವಾದ ಮೇಲೆ ಹಿತ್ತಲಲ್ಲಿ ಎಲೆಅಡಿಕೆ ಹಾಕುತ್ತಾ ಇದೇ ಮಾತು. ಮೊದಲು ಎತ್ತಿದ್ದು ಸಾವಿತ್ರಮ್ಮ ಎಂದಳು ರತ್ನ. "ನಮ್ ಮನೆಯೋರ್ನ ನಾನೇ ಬಯ್ತೀನೇನೆ? ನೀನೇ ಕಣೆ" ಎಂದರು ಸಾವಿತ್ರಮ್ಮ. ರತ್ನ ತನ್ನ ಮಕ್ಕಳ ಮೇಲೆ ಆಣೆ ಇಟ್ಟು, ಇನ್ನೊಂದು ಧ್ವನಿ ಕೇಳಿದ ಮೇಲೆಯೇ ತಾನು ಬಾಯಿ ತೆರೆದದ್ದು ಎಂದಳು. ಸಾವಿತ್ರಮ್ಮನೂ ಹಾಗೆಯೇ ಹೇಳಿದರು. ಜಯಮ್ಮ ಇಬ್ಬರದೂ ಸುಳ್ಳು ಎಂದರು. "ಸುಮಿತ್ರಕ್ಕ ಮಧ್ಯೆ ಇದ್ರು, ಅವ್ರನ್ನ ಕೇಳಿ" ಎಂದಳು ರತ್ನ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನಿಂಗಮ್ಮ ಸುಣ್ಣ ಹಚ್ಚುತ್ತಾ, "ಬುಡಿ ಅತ್ಲಾಗೆ, ಸೊಲ್ಲು ಎದ್ತಲ್ಲ" ಎಂದರು.

ನಾವಿಬ್ಬರೂ ಸಂಜೆಯ ಬಸ್ಸಿಗೆ ಹೊರಟೆವು. ಮರುದಿನದ ಬೀಗರೂಟಕ್ಕೆ ನಿಲ್ಲಿ ಎಂದರು. ಮಾಂಸದೂಟ ನನಗೆ ಆಗದು, ಜೊತೆಗೆ ಮನೆಯ ಯೋಚನೆ. ನಿಂಗಮ್ಮನವರೂ ತಮ್ಮ ಚೀಲ ಹಿಡಿದು ನಮ್ಮ ಜೊತೆ ರಸ್ತೆಯವರೆಗೆ ಬಂದರು. ಸಾವಿತ್ರಮ್ಮ ಹಿಂದೆಯೇ ಬಂದು, ಏನೂ ಹೇಳದೆ ಆ ಚೀಲವನ್ನು ಕಿತ್ತುಕೊಂಡು ತಮ್ಮ ಕಂಕುಳಲ್ಲಿಟ್ಟುಕೊಂಡರು.

ನಾಗಮಂಗಲದ ಕಡೆಯ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ನೋಡಿದೆ. ಕೆ.ಆರ್. ಪೇಟೆಗೆ ಹೋಗುವವರೂ ಇದಕ್ಕೇ ಹತ್ತಿ, ಮುಂದೆ ಬದಲಾಯಿಸಬೇಕು. "ಏನಜ್ಜಿ, ಬತ್ತೀಯಾ ಇಲ್ವಾ?" ಎಂದು ಕಂಡಕ್ಟರ್ ಕೂಗಿದ. ನಿಂಗಮ್ಮ ಅವನ ಕಡೆ ಕೈ ಬೀಸಿದರು. ಹೋಗು ಎಂದೋ, ನಿಲ್ಲು ಎಂದೋ ಅವನಿಗೂ ತಿಳಿಯಲಿಲ್ಲ, ಒಂದು ಗಳಿಗೆ ಕಾದ. ಅಷ್ಟರಲ್ಲಿ ಅವರು ಬೆನ್ನು ತಿರುಗಿಸಿ, ಚೀಲ ಹೊತ್ತ ಸಾವಿತ್ರಮ್ಮನನ್ನೂ ಹಿಂದೆ ಹಾಕಿ, ಚಪ್ಪರ ಕಾಣುವ ಆ ಮನೆಯ ಕಡೆ ನಡೆಯುತ್ತಿದ್ದರು.